ತೆಂಗಿನ ಗರಿಯನ್ನು ನೆಲವೆಂದು ಅಳೆದ ನಕ್ಷೆಗಳು

2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ಬಂತು. ನೌಕೆಯ ಒಡಲಲ್ಲಿ ಒಂದು ರೇಡಾರ್ ಆಂಟೆನಾ, ಅಲ್ಲಿಂದ ಹೊರಕ್ಕೆ ಚಾಚಿದ 60 ಮೀಟರ್ ಉದ್ದದ ಕಂಬದ ತುದಿಯಲ್ಲಿ ಇನ್ನೊಂದು. ಎರಡಕ್ಕೂ ಮರಳಿ ಬಂದ ಪ್ರತಿಧ್ವನಿಯಲ್ಲಿದ್ದ ಸೂಕ್ಷ್ಮ ವ್ಯತ್ಯಾಸದಿಂದ ಜಗತ್ತಿನ ನೆಲದ ಶೇ 80ರಷ್ಟು ಭಾಗದ ಎತ್ತರ ಲೆಕ್ಕಕ್ಕೆ ಸಿಕ್ಕಿತು. ಆ ಅಂಕಿಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದಿತ್ತು. ಸ್ವಂತ ವಿಮಾನ ಹಾರಿಸಿ ನೆಲ ಅಳೆಯುವ ಹಣವಿಲ್ಲದ ದೇಶಗಳಿಗೆ ಇದೊಂದು ವರ. ಎಸ್‌ಆರ್‌ಟಿಎಂ ಎಂಬ ಹೆಸರಿನ ಈ ದತ್ತಾಂಶವನ್ನು ನಂಬಿ ಪ್ರವಾಹದ ನಕ್ಷೆ, ಅಣೆಕಟ್ಟಿನ ಯೋಜನೆ, ಸುನಾಮಿಯ ಲೆಕ್ಕ ಎಲ್ಲವೂ ತಯಾರಾದವು.

ಆದರೆ ಆ ರೇಡಾರ್‌ಗೆ ನೆಲ ಯಾವುದು, ಮರ ಯಾವುದು ಎಂಬ ಭೇದ ಗೊತ್ತಿರಲಿಲ್ಲ. ಕಿರಣ ಮೊದಲು ತಾಗಿದ್ದೇ ಅದಕ್ಕೆ ನೆಲ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಂಥ ಊರನ್ನು ನೆನಪಿಸಿಕೊಳ್ಳಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವಿನ ಮರಳ ಪಟ್ಟಿಯ ತುಂಬ ತೆಂಗಿನ ಮರ, ಮರದ ಬುಡದಲ್ಲಿ ಮನೆ. ಅಂಥ ಕಡೆ ರೇಡಾರ್ ಬರೆದುಕೊಳ್ಳುವ ಎತ್ತರ ಗರಿಗಳ ನಡುವೆ ಎಲ್ಲೋ ಇರುತ್ತದೆ, ಅಂಗಳದ್ದಲ್ಲ. ಸಾಲದ್ದಕ್ಕೆ ಆ ದತ್ತಾಂಶದಲ್ಲಿ ಎತ್ತರವೆಲ್ಲ ಪೂರ್ಣಾಂಕದ ಮೀಟರ್‌ನಲ್ಲಿದೆ. ಎರಡು ಮೀಟರ್, ಮೂರು ಮೀಟರ್, ನಾಲ್ಕು ಮೀಟರ್. ಗದ್ದೆಗೂ ಅಂಗಳಕ್ಕೂ ಎರಡು ಗೇಣಿನ ವ್ಯತ್ಯಾಸವಿರುವ ಊರುಗಳು ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಗುಡ್ಡಗಾಡಿಗೆ ಇದು ದೊಡ್ಡ ತಪ್ಪಲ್ಲ. ಕುದುರೆಮುಖದ ಎತ್ತರದಲ್ಲಿ ಐದು ಮೀಟರ್ ಹೆಚ್ಚುಕಮ್ಮಿಯಾದರೆ ಯಾರ ಗಂಟೂ ಹೋಗುವುದಿಲ್ಲ. ಕಡಲ ದಂಡೆಯಲ್ಲಿ ಹಾಗಲ್ಲ. ಒಂದು ಕಿಲೋಮೀಟರ್ ಒಳಗೆ ನಡೆದರೂ ನೆಲ ಎರಡೇ ಮೀಟರ್ ಏರುವ ಜಾಗದಲ್ಲಿ ಎತ್ತರವನ್ನು ಒಂದು ಮೀಟರ್ ಹೆಚ್ಚು ಬರೆದರೆ, ನೀರು ನಿಲ್ಲುವ ಗೆರೆ ಅರ್ಧ ಕಿಲೋಮೀಟರ್ ಕಡಲ ಕಡೆಗೆ ಸರಿದುಬಿಡುತ್ತದೆ. ಆ ಅರ್ಧ ಕಿಲೋಮೀಟರ್‌ನಲ್ಲಿ ಇರುವವರೆಲ್ಲ ಕಾಗದದ ಮೇಲೆ ಸುರಕ್ಷಿತರು. ಬಾಳೆ ಎಲೆಗೆ ಬಡಿಸಿದ ಸಾರಿನ ಕಥೆಯೇ ಇಲ್ಲಿಯದೂ: ಎಲೆಯ ಒಂದು ಅಂಚು ಕೂದಲೆಳೆಯಷ್ಟು ತಗ್ಗಿದ್ದರೂ ಸಾಕು, ಸಾರು ಎಲ್ಲಿ ಹರಿಯುತ್ತದೆ ಎಂದು ಬಡಿಸಿದವರಿಗೂ ಹೇಳಲಾಗದು.

ಸುನಾಮಿಯ ಬಗ್ಗೆ ಬರೆಯುವವರೆಲ್ಲ ಕಡಲಿನಿಂದ ಶುರು ಮಾಡುತ್ತಾರೆ. ಭೂಕಂಪ, ಅಲೆಯ ವೇಗ, ಅದರ ಗೋಡೆಯಂಥ ಎತ್ತರ ಇತ್ಯಾದಿ. ವಾಸ್ತವದಲ್ಲಿ ಕಡಲ ನಡುವಿನ ಭಾಗವೇ ಲೆಕ್ಕಕ್ಕೆ ಸುಲಭ. ಅಲೆಯ ವೇಗ ನಿರ್ಧರಿಸುವುದು ನೀರಿನ ಆಳ ಒಂದೇ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್, ಹತ್ತು ಮೀಟರ್ ಆಳಕ್ಕೆ ಬಂದಾಗ ಗಂಟೆಗೆ ಸುಮಾರು 36. ಶಾಲೆಯ ವರ್ಗಮೂಲ ಮರೆಯದವರು ಇದನ್ನು ಚೀಟಿಯ ಹಿಂದೆ ಮಾಡಬಹುದು. ನಿಜವಾದ ತೊಡಕು ಅಲೆ ದಂಡೆ ದಾಟಿದ ಮೇಲೆ. ಸುನಾಮಿ ಎಂದರೆ ತೊಟ್ಟಿ ತುಂಬಿದ ಹಾಗೆ ಸಮಮಟ್ಟದಲ್ಲಿ ಏರುವ ನೀರಲ್ಲ. ಹತ್ತಿಪ್ಪತ್ತು ನಿಮಿಷ ಬಿಡದೆ ನುಗ್ಗುವ ಹೊಳೆ ಅದು. ತಗ್ಗು ಸಿಕ್ಕರೆ ಅತ್ತ ತಿರುಗುತ್ತದೆ, ಹೊಳೆಯ ಬಾಯಿ ಸಿಕ್ಕರೆ ಅದರೊಳಗೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಮರಳದಿಬ್ಬದಲ್ಲಿ ಬಿರುಕಿದ್ದರೆ ಅಲ್ಲೇ ಸೀಳುತ್ತದೆ. ಹಾಗಾಗಿ 'ಐದು ಮೀಟರ್ ಎತ್ತರದ ಅಲೆ ಬಂದರೆ ಐದು ಮೀಟರ್ ಎತ್ತರದವರೆಗೆ ನೀರು' ಎಂಬ ಗೆರೆ ಎಳೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ಕಂಪ್ಯೂಟರ್ ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಒಂದು ಚೌಕದಿಂದ ಪಕ್ಕದ್ದಕ್ಕೆ ಎಷ್ಟು ನೀರು ದಾಟಿತು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಬೇಕು. ಪ್ರತಿ ಚೌಕಕ್ಕೂ ಒಂದು ಎತ್ತರ ಬೇಕು. ಆ ಎತ್ತರ ಸುಳ್ಳಾದರೆ ಉಳಿದ ಗಣಿತ ಎಷ್ಟು ಚೆನ್ನಾಗಿದ್ದರೂ ವ್ಯರ್ಥ.

ತಪ್ಪು ಎಷ್ಟು ದೊಡ್ಡದು ಎಂಬುದು ಬಯಲಾದದ್ದು 2019ರಲ್ಲಿ, ಒಂದೇ ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳಿಂದ. ಸ್ಕಾಟ್ ಕಲ್ಪ್ ಮತ್ತು ಬೆಂಜಮಿನ್ ಸ್ಟ್ರಾಸ್ ಎಂಬವರು ಎಸ್‌ಆರ್‌ಟಿಎಂ ಎತ್ತರಗಳನ್ನು ಯಂತ್ರಕಲಿಕೆಯಿಂದ ತಿದ್ದಿ ಮತ್ತೆ ಜನರನ್ನು ಎಣಿಸಿದರು. ಈಗಿನ ಉಬ್ಬರದ ಗೆರೆಗಿಂತ ತಗ್ಗಿನ ನೆಲದಲ್ಲಿ ಬದುಕುತ್ತಿರುವವರು ಜಗತ್ತಿನಲ್ಲಿ 2.8 ಕೋಟಿ ಎಂದು ಹಳೆಯ ದತ್ತಾಂಶ ಹೇಳುತ್ತಿದ್ದರೆ, ತಿದ್ದಿದ ಮೇಲೆ ಅದು 11 ಕೋಟಿಗೆ ಏರಿತು. ಇನ್ನೊಂದು ಅಧ್ಯಯನ ವಿಯೆಟ್ನಾಮಿನ ಮೆಕಾಂಗ್ ಮುಖಜಭೂಮಿಯದು. ಅದರ ಸರಾಸರಿ ಎತ್ತರ 2.6 ಮೀಟರ್ ಎಂದು ಎಲ್ಲರೂ ನಂಬಿದ್ದರು. ನೆಲಮಟ್ಟದ ಅಳತೆಗಳನ್ನು ಕೂಡಿಸಿ ನೋಡಿದರೆ ಅದು ಸುಮಾರು 0.8 ಮೀಟರ್. ಎರಡೂ ಕಡಲ ಮಟ್ಟ ಏರುವ ಕುರಿತ ಅಧ್ಯಯನಗಳು, ಸುನಾಮಿಯವಲ್ಲ. ಆದರೆ ಅಡಿಯಲ್ಲಿರುವ ನೆಲ ಅದೇ ತಾನೇ? ಗಮನಿಸಿ, ತಪ್ಪು ಎರಡೂ ಕಡೆ ಒಂದೇ ದಿಕ್ಕಿಗೆ ವಾಲಿತ್ತು. ಮರ ಮತ್ತು ಚಾವಣಿ ನೆಲವನ್ನು ಎತ್ತಿ ತೋರಿಸುತ್ತವೆಯೇ ಹೊರತು ಇಳಿಸಿ ತೋರಿಸುವುದಿಲ್ಲ. ಆದ್ದರಿಂದ ಹಳೆಯ ದತ್ತಾಂಶದ ಅಪಾಯದ ನಕ್ಷೆಗಳು ಹೆಚ್ಚಾಗಿ ಧೈರ್ಯ ಹೇಳುವ ಕಡೆಗೇ ತಪ್ಪಿವೆ.

ಇದಕ್ಕೆ ಈಗಿರುವ ಒಳ್ಳೆಯ ಮದ್ದು ಲೈಡಾರ್. ವಿಮಾನದಿಂದ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತಗಳನ್ನು ನೆಲಕ್ಕೆ ಬಿಟ್ಟು, ಪ್ರತಿಯೊಂದೂ ಮರಳಿ ಬರಲು ಹಿಡಿದ ಹೊತ್ತನ್ನು ಅಳೆಯುತ್ತಾರೆ. ಒಂದೇ ಮಿಡಿತದ ಒಂದು ಪಾಲು ಗರಿಗೆ ತಾಗಿ ಬೇಗ ವಾಪಸಾಗುತ್ತದೆ, ಇನ್ನೊಂದು ಪಾಲು ಗರಿಗಳ ಸಂದಿಯಲ್ಲಿ ತೂರಿ ನೆಲ ಮುಟ್ಟಿ ತಡವಾಗಿ ಬರುತ್ತದೆ. ಕೊನೆಗೆ ಬಂದ ಪ್ರತಿಧ್ವನಿಗಳಲ್ಲಿ ನೆಲದ್ದನ್ನಷ್ಟೇ ಸೋಸಿ ತೆಗೆದರೆ ಮರವೂ ಮನೆಯೂ ಇಲ್ಲದ ಬರಿನೆಲದ ಮಾದರಿ ಸಿಗುತ್ತದೆ. ಎತ್ತರದ ತಪ್ಪು ಮೀಟರ್‌ಗಳಿಂದ ಸೆಂಟಿಮೀಟರ್‌ಗಳಿಗೆ ಇಳಿಯುತ್ತದೆ. ಸಾಮಾನ್ಯ ಲೈಡಾರ್ ಬಳಸುವ ಅವಗೆಂಪು ಕಿರಣ ನೀರಿನ ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಹಸಿರು ಲೇಸರ್ ತಿಳಿನೀರಾದರೆ ತಳದವರೆಗೂ ಹೋಗುತ್ತದೆ. ಇದು ಮುಖ್ಯ. ದಡದ ಪಕ್ಕದ ಆಳವಿಲ್ಲದ ನೀರಿಗೆ ಅಳತೆಯ ಹಡಗು ಬರಲಾಗದು, ವಿಮಾನದ ಮಾಮೂಲಿ ಕಿರಣ ಒಳಗಿಳಿಯದು. ಅಲೆ ತನ್ನ ಕೊನೆಯ ಆಕಾರ ಪಡೆಯುವುದು ಆ ಜಾಗದಲ್ಲೇ. ಲೈಡಾರ್ ಹಾರಿಸಲು ಹಣವಿಲ್ಲದ ಕಡೆ ನಡುದಾರಿಯೂ ಇದೆ. 2018ರಲ್ಲಿ ಹಾರಿದ ಐಸ್‌ಸ್ಯಾಟ್–2 ಉಪಗ್ರಹದ ಲೇಸರ್ ಅಳತೆಗಳು ಗೆರೆಗೆರೆಯಾಗಿ ಸಿಗುತ್ತವೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಉಪಗ್ರಹ ದತ್ತಾಂಶದಿಂದ ಕಾಡು ಮತ್ತು ಕಟ್ಟಡಗಳನ್ನು ಕಳೆದು 2022ರಲ್ಲಿ ಹೊರತಂದ ಜಾಗತಿಕ ಎತ್ತರ ಮಾದರಿಯೂ ಇದೆ. ಹಳೆಯದಕ್ಕಿಂತ ಇವು ಎಷ್ಟೋ ವಾಸಿ. ವಿಮಾನದ ಲೈಡಾರ್‌ಗೆ ಸಾಟಿಯಲ್ಲ.

ಬರಿನೆಲ ಸಿಕ್ಕಿತು ಎಂದ ಕೂಡಲೇ ಕೆಲಸ ಮುಗಿಯಲಿಲ್ಲ. ಏನನ್ನು ಕಳೆಯಬೇಕು, ಏನನ್ನು ಉಳಿಸಬೇಕು ಎಂಬ ತೀರ್ಮಾನ ಮನುಷ್ಯರದೇ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಈ ಗದ್ದೆಗಳು ಭರತದ ನೀರಿನ ಮಟ್ಟಕ್ಕೆ ಸಮ, ಕೆಲವು ಕಡೆ ಅದಕ್ಕಿಂತ ತಗ್ಗು. ಕಡಲು ಮತ್ತು ಗದ್ದೆಯ ನಡುವೆ ಇರುವುದು ಒಂದು ಕಟ್ಟೆ, ಅದರಲ್ಲೊಂದು ಹಲಗೆಯ ಬಾಗಿಲು. 30 ಮೀಟರ್ ಅಗಲದ ಚೌಕಗಳಲ್ಲಿ ನೆಲ ನೋಡುವ ಮಾದರಿಗೆ ಎರಡು ಮೂರು ಮೀಟರ್ ಅಗಲದ ಕಟ್ಟೆ ಕಾಣುವುದೇ ಇಲ್ಲ. ಅದರ ಪ್ರಕಾರ ಹೊಳೆ ಮತ್ತು ಗದ್ದೆ ಒಂದೇ ಬಯಲು. ಒಂದು ಮೀಟರ್ ಚೌಕದ ಲೈಡಾರ್ ಕಟ್ಟೆಯನ್ನೂ ಅದು ಕುಸಿದ ಜಾಗವನ್ನೂ ತೋರಿಸುತ್ತದೆ. ಈಗ ಪ್ರಶ್ನೆ: ಸುನಾಮಿ ಬಂದಾಗ ಆ ಕಟ್ಟೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಬೇಕೋ, ಕೊಚ್ಚಿಹೋಗುತ್ತದೆ ಎಂದೋ? ಸೇತುವೆಗಳನ್ನು ಮಾದರಿಯಿಂದ ತೆಗೆಯದಿದ್ದರೆ ಕಂಪ್ಯೂಟರ್ ಅವನ್ನು ಅಣೆಕಟ್ಟು ಎಂದು ತಿಳಿದು ಹೊಳೆಯನ್ನೇ ಮುಚ್ಚಿಬಿಡುತ್ತದೆ. ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕೆಗೂ ನಡುವೆ ಓಡುವ ಹೆದ್ದಾರಿಯ ಏರಿಯನ್ನು ಮಾತ್ರ ತೆಗೆಯುವಂತಿಲ್ಲ, ಅದು ನಿಜವಾಗಿಯೂ ನೀರಿಗೆ ಅಡ್ಡ. ಸುನಾಮಿ ನಕ್ಷೆ ತಯಾರಿಸುವವರ ಹೆಚ್ಚಿನ ಹೊತ್ತು ಅಲೆಯ ಸಮೀಕರಣಕ್ಕಲ್ಲ, ಇಂಥ ಸೇತುವೆ, ಏರಿ, ಮೋರಿಗಳಿಗೇ ಹೋಗುತ್ತದೆಂದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ಮೂಲದ ಪ್ರಶ್ನೆ ಇನ್ನೊಂದಿದೆ. ಎತ್ತರ ಎಂದರೆ ಯಾವುದರಿಂದ? ಸೊನ್ನೆ ಎಲ್ಲಿದೆ? ಭಾರತದ ನೆಲಕ್ಕೆ ಸೊನ್ನೆ ಕಟ್ಟಿಕೊಟ್ಟವರು ಬ್ರಿಟಿಷರ ಕಾಲದ ಸರ್ವೆ ಆಫ್ ಇಂಡಿಯಾದವರು. ಕರಾಚಿಯಿಂದ ಒರಿಸ್ಸಾದ ಫಾಲ್ಸ್ ಪಾಯಿಂಟ್‌ವರೆಗೆ ಒಂಬತ್ತು ಬಂದರುಗಳಲ್ಲಿ ಉಬ್ಬರ-ಇಳಿತ ಅಳೆದು, ಆ ಎಲ್ಲ ಕಡೆ ಸರಾಸರಿ ಸಮುದ್ರ ಮಟ್ಟವೇ ಸೊನ್ನೆ ಎಂದು ಹಿಡಿದು 1909ರಲ್ಲಿ ಇಡೀ ದೇಶದ ಎತ್ತರದ ಜಾಲವನ್ನು ಹೊಂದಿಸಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಊರಿನ ಹಳೆಯ ಬೆಂಚ್‌ಮಾರ್ಕ್ ಕಲ್ಲುಗಳ ಮೇಲೆ ಕೆತ್ತಿದ ಅಂಕಿಗಳ ಬೇರು ಆ ಬಂದರುಗಳ ನೀರಿನಲ್ಲಿದೆ. ಎಲ್ಲ ಬಂದರುಗಳಲ್ಲೂ ಕಡಲ ಸರಾಸರಿ ಮಟ್ಟ ಒಂದೇ ಎಂಬ ಊಹೆ ಪೂರ್ತಿ ಸರಿಯಲ್ಲ ಎಂದು ಈಗ ಗೊತ್ತಿದೆ. ಅದಿರಲಿ, ಕಡಲಿನವರ ಸೊನ್ನೆಯೇ ಬೇರೆ. ನಾವಿಕರ ನಕ್ಷೆಯಲ್ಲಿ ಆಳವನ್ನು ಅಳೆಯುವುದು ಅತಿ ಇಳಿತದ ನೀರಿನ ಮಟ್ಟದಿಂದ. ಹಡಗು ತಳ ತಾಗಬಾರದಲ್ಲ, ಅದಕ್ಕೆ. ಮೇಲಿಂದ ನೋಡುವ ಉಪಗ್ರಹಗಳಿಗೆ ಮೂರನೆಯ ಸೊನ್ನೆ, ಭೂಮಿಯನ್ನು ನುಣುಪಾದ ದೀರ್ಘಗೋಳ ಎಂದು ಊಹಿಸಿ ಹಿಡಿದದ್ದು. ದಕ್ಷಿಣ ಭಾರತದ ಸುತ್ತ ಆ ಗೋಳದ ಮೇಲ್ಮೈಗೂ ನಿಜವಾದ ಕಡಲ ಮಟ್ಟಕ್ಕೂ ಎಂಬತ್ತು ತೊಂಬತ್ತು ಮೀಟರ್ ವ್ಯತ್ಯಾಸ. ನೆಲದ ನಕ್ಷೆಯನ್ನೂ ಕಡಲ ನಕ್ಷೆಯನ್ನೂ ಹೊಲಿಯುವಾಗ ಈ ಮೂರು ಸೊನ್ನೆಗಳನ್ನು ಕೂಡಿಸದಿದ್ದರೆ ಸರಿಯಾಗಿ ಕಡಲ ದಂಡೆಯಲ್ಲೇ ಒಂದು ಸುಳ್ಳು ಮೆಟ್ಟಿಲು ಹುಟ್ಟುತ್ತದೆ. ಅಲೆ ಬಂದು ಎಡವುವುದು ಅಲ್ಲೇ.

ಇಷ್ಟೆಲ್ಲವನ್ನೂ ಶ್ರದ್ಧೆಯಿಂದ ಮಾಡಿದ ಒಂದು ಜಾಗ ಅಮೆರಿಕದ ಪಶ್ಚಿಮ ತೀರದ ಆರಿಗನ್ ರಾಜ್ಯ. ಅಲ್ಲಿಯ ಕಡಲಡಿ ಕ್ಯಾಸ್ಕೇಡಿಯಾ ಎಂಬ ಭೂಫಲಕದ ಅಂಚು ಹಾದುಹೋಗುತ್ತದೆ. ಕೊನೆಯ ಸಲ ಅದು ಪೂರ್ತಿ ಮುರಿದು ಜಾರಿದ್ದು 1700ರ ಜನವರಿ 26ರ ರಾತ್ರಿ. ದಿನ ಇಷ್ಟು ಕರಾರುವಾಕ್ಕಾಗಿ ಗೊತ್ತಾದದ್ದು ಆರಿಗನ್ನಿನಿಂದಲ್ಲ, ಸಾಗರದಾಚೆಯ ಜಪಾನಿನಿಂದ. ನೆಲ ನಡುಗದೆಯೇ ದಂಡೆಗೆ ಬಂದ ಅಲೆಗಳನ್ನು ಅಲ್ಲಿಯವರು ಬರೆದಿಟ್ಟಿದ್ದರು. ವಾಷಿಂಗ್ಟನ್ ರಾಜ್ಯದ ತೀರದಲ್ಲಿ ಉಪ್ಪುನೀರಿಗೆ ಕುಸಿದು ಸತ್ತು ನಿಂತ ದೇವದಾರು ಮರಗಳ ಬಳೆಗಳು ಅದನ್ನು ಸಮರ್ಥಿಸಿದವು. ಕಡಲ ತಳದ ಕೆಸರಿನ ಪದರಗಳನ್ನು ಓದಿದ ಕ್ರಿಸ್ ಗೋಲ್ಡ್‌ಫಿಂಗರ್ ಮತ್ತು ಜೊತೆಯವರು ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಇಂಥ ಪೂರ್ಣ ಪ್ರಮಾಣದ ಭೂಕಂಪಗಳು 19 ಆಗಿವೆ ಎಂದು ಲೆಕ್ಕ ಕೊಟ್ಟರು.

ಆರಿಗನ್ 1995ರಲ್ಲೇ ಒಂದು ಕಾನೂನು ಮಾಡಿತು. ಸುನಾಮಿ ಮುಳುಗಿಸುವ ಗೆರೆಯ ಒಳಗೆ ಹೊಸದಾಗಿ ಶಾಲೆ, ಆಸ್ಪತ್ರೆ, ಅಗ್ನಿಶಾಮಕ ಠಾಣೆ ಕಟ್ಟುವಂತಿಲ್ಲ. ಆಗ ಗೆರೆ ಎಳೆದದ್ದು ಅಂದು ಲಭ್ಯವಿದ್ದ ಸ್ಥಳಾಕೃತಿ ನಕ್ಷೆಗಳ ಮೇಲೆ. ಅವುಗಳಲ್ಲಿ ಒಂದು ಸಮೋನ್ನತಿ ರೇಖೆಗೂ ಇನ್ನೊಂದಕ್ಕೂ ನಡುವೆ ಹಲವು ಮೀಟರ್ ಎತ್ತರ, ನಡುವಿನದೆಲ್ಲ ಊಹೆ. 2007ರ ಬಳಿಕ ರಾಜ್ಯದ ಭೂವಿಜ್ಞಾನ ಇಲಾಖೆ ನಾಲ್ಕೆಂಟು ಸಂಸ್ಥೆಗಳ ಹಣ ಒಟ್ಟುಗೂಡಿಸಿ ಕರಾವಳಿಯಿಡೀ ಲೈಡಾರ್ ಹಾರಿಸಿತು. 2013ರ ಹೊತ್ತಿಗೆ ಹೊಸ ನಕ್ಷೆಗಳ ಸರಣಿ ಮುಗಿಯಿತು. ಅವುಗಳಲ್ಲಿ ಗೆರೆ ಒಂದಲ್ಲ, ಐದು. ಭೂಕಂಪ ಎಷ್ಟು ದೊಡ್ಡದು ಎಂಬುದರ ಮೇಲೆ ಅವಕ್ಕೆ ಅಂಗಿಯ ಅಳತೆಗಳ ಹೆಸರಿಟ್ಟರು: ಸ್ಮಾಲ್, ಮೀಡಿಯಂ, ಲಾರ್ಜ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್. ವಿಜ್ಞಾನಿಗಳು ಜನರ ಭಾಷೆಯಲ್ಲಿ ಮಾತಾಡುವುದು ಅಪರೂಪ, ಇದು ಅಂಥ ಒಂದು ಸಂದರ್ಭ. ಜನ ಓಡಿಹೋಗಬೇಕಾದ ಗೆರೆಗೆ ಆರಿಸಿಕೊಂಡದ್ದು ಡಬಲ್ ಎಕ್ಸ್‌ಎಲ್. ಕಟ್ಟಡಕ್ಕೆ ಬೇರೆ ಲೆಕ್ಕ ಇರಬಹುದು, ಓಡುವವನಿಗೆ ಜಾಸ್ತಿಯೇ ಇರಲಿ ಎಂಬ ವಿವೇಕ.

ಅದೇ ಲೈಡಾರ್‌ನಿಂದ ಅವರು ಇನ್ನೊಂದು ಉಪಯೋಗ ಹುಡುಕಿದರು. ಅಲ್ಲಿ ನೆಲ ನಡುಗಲು ಶುರುವಾದ ಹದಿನೈದು ಇಪ್ಪತ್ತು ನಿಮಿಷಕ್ಕೆ ಅಲೆ ಬರುವ ಊರುಗಳಿವೆ. ಪ್ರತಿ ಬೀದಿಯ ಏರಿಳಿತ ಗೊತ್ತಿದ್ದರೆ, ಯಾವ ಮನೆಯಿಂದ ಹೊರಟವರು ಯಾವ ವೇಗದಲ್ಲಿ ನಡೆದರೆ ಅಲೆಗಿಂತ ಮೊದಲು ಎತ್ತರ ಮುಟ್ಟುತ್ತಾರೆ ಎಂದು ಲೆಕ್ಕ ಹಾಕಬಹುದು. ಈ ನಕ್ಷೆಗಳಲ್ಲಿ ಬಣ್ಣ ಸೂಚಿಸುವುದು ನೀರಿನ ಆಳವನ್ನಲ್ಲ, ಕಾಲಿನ ವೇಗವನ್ನು: ಇಲ್ಲಿಂದ ನಿಧಾನ ನಡೆದರೂ ಸಾಕು, ಇಲ್ಲಿಂದ ಬಿರುಸಾಗಿ ನಡೆಯಬೇಕು, ಇಲ್ಲಿಂದ ಓಡಲೇಬೇಕು. ಒಂದು ಕಾಲುಸೇತುವೆ ಭೂಕಂಪಕ್ಕೆ ಬಿದ್ದರೆ ಬಣ್ಣ ಹೇಗೆ ಬದಲಾಗುತ್ತದೆ ಎಂಬುದನ್ನೂ ತೋರಿಸುತ್ತವೆ. ಪುರಸಭೆಯವರು ಹಣ ಇದ್ದರೆ ಯಾವ ಸೇತುವೆಯನ್ನು ಮೊದಲು ಗಟ್ಟಿ ಮಾಡಬೇಕು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಾಗದ ನಾನು ಕಂಡಿಲ್ಲ. ಸೀಸೈಡ್ ಎಂಬ ಊರಿನ ಮತದಾರರು ಶಾಲೆಗಳನ್ನು ಗುಡ್ಡಕ್ಕೆ ಸಾಗಿಸುವ ಸಾಲಪತ್ರದ ಪ್ರಸ್ತಾವವನ್ನು 2013ರಲ್ಲಿ ತಿರಸ್ಕರಿಸಿ, 2016ರಲ್ಲಿ ಒಪ್ಪಿಕೊಂಡರು.

ಇಲ್ಲಿಯವರೆಗೆ ಕೇಳಿ ಆರಿಗನ್ ಒಂದು ಆದರ್ಶ ಕಥೆ ಎಂದುಕೊಂಡರೆ ಮುಂದಿನದೂ ಇದೆ. ಹೊಸ ನಕ್ಷೆ ಬಂದ ಮೇಲೆ ಕಾನೂನಿನ ಹಳೆಯ ಗೆರೆಯನ್ನೂ ಬದಲಿಸಬೇಕಲ್ಲ? ಅಲ್ಲಿ ಜಗಳ ಶುರು. ಗೆರೆಯೊಳಗೆ ಬಂದರೆ ಜಾಗದ ಬೆಲೆ ಬೀಳುತ್ತದೆ, ವಿಮೆಯವರು ಮುಖ ತಿರುಗಿಸುತ್ತಾರೆ, ಇಡೀ ಊರೇ ಗೆರೆಯೊಳಗಿದ್ದರೆ ಅಗ್ನಿಶಾಮಕ ಠಾಣೆಯನ್ನು ಎಲ್ಲಿ ಕಟ್ಟುವುದು ಎಂದು ಕರಾವಳಿಯ ಜನಪ್ರತಿನಿಧಿಗಳು ಕೇಳಿದರು. ಕೊನೆಯ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲಾಗದು. ಬೆಂಕಿಯ ಗಾಡಿ ಊರಿಂದ ಅರ್ಧ ಗಂಟೆ ದೂರದಲ್ಲಿದ್ದರೆ ಪ್ರತಿ ವರ್ಷದ ಬೆಂಕಿಗೆ ಯಾರು ಹೊಣೆ? 2019ರಲ್ಲಿ ಶಾಸನಸಭೆ ಗೆರೆಯನ್ನು ಬದಲಿಸಲಿಲ್ಲ, ನಿಷೇಧವನ್ನೇ ತೆಗೆದುಹಾಕಿತು. ಅಂದರೆ ನೆಲದ ಎತ್ತರ ಮಸುಕಾಗಿ ಗೊತ್ತಿದ್ದಾಗ ಇದ್ದ ಕಾನೂನು, ಅದು ಸ್ಪಷ್ಟವಾಗಿ ಗೊತ್ತಾದಾಗ ಇಲ್ಲವಾಯಿತು.

ನಗುವ ಮೊದಲು ನಮ್ಮದನ್ನೂ ನೋಡಿಕೊಳ್ಳಬೇಕು. ಅದೇ 2019ರ ಜನವರಿಯಲ್ಲಿ ಭಾರತದ ಹೊಸ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಹೊರಬಿತ್ತು. ಸರ್ವೆ ಆಫ್ ಇಂಡಿಯಾದ ವಿಮಾನ ಚಿತ್ರಗಳಿಂದ ಮುಖ್ಯಭೂಮಿಯ ಕರಾವಳಿಗೆ ಒಂದು 'ಅಪಾಯ ರೇಖೆ' ಎಳೆಯುವ ಕೆಲಸ ನಡೆದಿತ್ತು. ಉಬ್ಬರ, ಅಲೆ, ಕಡಲ ಮಟ್ಟದ ಏರಿಕೆ, ಕಡಲ್ಕೊರೆತ ಇವನ್ನು ಗಮನಿಸಿ ಎಳೆದ ರೇಖೆ ಅದು, ಸುನಾಮಿಯದಲ್ಲ. ಹಿಂದಿನ, ಅಂದರೆ 2011ರ ಅಧಿಸೂಚನೆಯಲ್ಲಿ ಅದಕ್ಕೆ ನಿಯಂತ್ರಣದಲ್ಲಿ ಪಾತ್ರವಿತ್ತು. 2019ರಲ್ಲಿ ಅದನ್ನು ನಿಯಂತ್ರಣದಿಂದ ಬಿಡಿಸಿ ವಿಕೋಪ ನಿರ್ವಹಣೆಯ ಸಾಧನ ಎಂದಷ್ಟೇ ಇಟ್ಟುಕೊಂಡರು. ಎರಡು ದೂರದ ಸರ್ಕಾರಗಳಿಗೆ ಒಂದೇ ವರ್ಷ ಒಂದೇ ಉಪಾಯ ಹೊಳೆಯಿತು.

ನೆಲ ಅಳೆದು ಮುಗಿಸಿದರೂ ಅದು ಹಾಗೇ ಇರುತ್ತದೆ ಎಂಬ ಖಾತ್ರಿ ಇಲ್ಲ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದಲ್ಲಿ ಗ್ರೇಟ್ ನಿಕೋಬಾರ್‌ನ ಇಂದಿರಾ ಪಾಯಿಂಟ್ ಸುಮಾರು 4.25 ಮೀಟರ್ ಕುಸಿಯಿತು. ಅಲ್ಲಿಯ ದೀಪಸ್ತಂಭದ ಬುಡಕ್ಕೆ ಕಡಲು ಬಂದು ನಿಂತಿತು. ಪೋರ್ಟ್ ಬ್ಲೇರ್ ಸುತ್ತ ನೆಲ ಸುಮಾರು ಒಂದು ಮೀಟರ್ ಇಳಿದು, ಸಿಪ್ಪಿಘಾಟ್‌ನ ಗದ್ದೆಗಳು ಉಬ್ಬರದ ನೀರಿನ ಪಾಲಾದವು. ಉತ್ತರ ಅಂಡಮಾನ್‌ನಲ್ಲಿ ಉಲ್ಟಾ, ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಒಣಗಿದವು. ಬೆಳಗ್ಗೆ ಇದ್ದ ಎತ್ತರದ ನಕ್ಷೆ ಮಧ್ಯಾಹ್ನಕ್ಕೆ ಹಳತಾಗಿತ್ತು. ಹೀಗಾಗಿ ಆರಿಗನ್‌ನವರು ಅಲೆ ಬಿಡುವ ಮೊದಲು ಲೈಡಾರ್ ನೆಲವನ್ನೇ ಲೆಕ್ಕದಲ್ಲಿ ಕೆಳಗಿಳಿಸಿಕೊಳ್ಳುತ್ತಾರೆ, ಭೂಕಂಪ ಮೊದಲು ಕುಸಿಸುತ್ತದೆ, ನೀರು ಆಮೇಲೆ ಬರುತ್ತದೆ ಎಂದು.

ಎತ್ತರ ಸರಿಯಾದ ಮಾತ್ರಕ್ಕೆ ನಕ್ಷೆ ಸರಿಯಾಗುವುದಿಲ್ಲ ಎಂಬುದಕ್ಕೆ ಜಪಾನಿನ ಒಕಾವಾ ಪ್ರಾಥಮಿಕ ಶಾಲೆ ಸಾಕ್ಷಿ. ನೆಲದ ಅಳತೆಯಲ್ಲಿ ಜಪಾನ್ ಯಾರಿಗೂ ಕಡಿಮೆಯಿಲ್ಲ. ಇಶಿನೊಮಾಕಿ ನಗರದ ಅಪಾಯ ನಕ್ಷೆಯಲ್ಲಿ ಕಿತಾಕಾಮಿ ಹೊಳೆಯ ದಡದ ಈ ಶಾಲೆ ಸುನಾಮಿ ಗೆರೆಯ ಹೊರಗಿತ್ತು. ಕಡಲಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರ. 2011ರ ಮಾರ್ಚ್ 11ರಂದು ಭೂಕಂಪದ ಬಳಿಕ ಮಕ್ಕಳನ್ನು ಹೆಚ್ಚುಕಡಿಮೆ ಐವತ್ತು ನಿಮಿಷ ಅಂಗಳದಲ್ಲೇ ನಿಲ್ಲಿಸಿಕೊಂಡಿದ್ದರು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಅಲೆ ಹೊಳೆಯೊಳಗಿಂದ ಏರಿ ಬಂತು. 108 ಮಕ್ಕಳಲ್ಲಿ 74 ಮಂದಿ, ಜೊತೆಗೆ ಹತ್ತು ಶಿಕ್ಷಕರು ಮತ್ತು ಸಿಬ್ಬಂದಿ ಉಳಿಯಲಿಲ್ಲ. ಆ ನಕ್ಷೆಯ ದೋಷ ನೆಲದಲ್ಲಿರಲಿಲ್ಲ, ಭೂಕಂಪದ ಊಹೆಯಲ್ಲಿತ್ತು: ಆ ತೀರದಲ್ಲಿ ಪದೇ ಪದೇ ಆಗುತ್ತಿದ್ದ ಗಾತ್ರದ ಭೂಕಂಪವನ್ನೇ ಇಟ್ಟುಕೊಂಡು ಅದನ್ನು ಬರೆದಿದ್ದರು. ಕೆಲವು ಪೋಷಕರು ದಾವೆ ಹೂಡಿದರು. 2018ರಲ್ಲಿ ಸೆಂಡಾಯ್ ಹೈಕೋರ್ಟ್ ಹೇಳಿದ್ದರ ಸಾರ ಇಷ್ಟು: ಶಾಲೆ ಹೊಳೆಯ ಪಕ್ಕದಲ್ಲೇ ಇರುವಾಗ ಗೆರೆಯ ಹೊರಗಿದ್ದೇವೆ ಎಂದು ಸುಮ್ಮನಿರುವಂತಿಲ್ಲ, ನಕ್ಷೆ ತಪ್ಪಿರಬಹುದು ಎಂಬುದನ್ನು ಶಾಲೆಯವರೂ ಶಿಕ್ಷಣ ಮಂಡಳಿಯವರೂ ಮುಂಚೆಯೇ ಯೋಚಿಸಬೇಕಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಉಳಿಸಿತು. ಒಂದು ಸರ್ಕಾರಿ ನಕ್ಷೆಯನ್ನು ನಂಬಿದ್ದೇ ಲೋಪ ಎಂದು ನ್ಯಾಯಾಲಯ ಹೇಳಿದ್ದು ನಕ್ಷೆ ತಯಾರಿಸುವವರಿಗೂ ದೊಡ್ಡ ಪಾಠ. 2011ರ ದುರಂತದ ಬಳಿಕ ಜಪಾನಿನಲ್ಲಿ ಸಾಧ್ಯವಿರುವ ಅತಿ ದೊಡ್ಡ ಅಲೆಯನ್ನೇ ಊಹಿಸಿ ಮುಳುಗಡೆ ನಕ್ಷೆಗಳನ್ನು ಮತ್ತೆ ಬರೆಯುವ ಕ್ರಮ ಬಂದಿದೆ.

ಕರ್ನಾಟಕದ ಕರಾವಳಿಗೆ ಇದೆಲ್ಲ ಎಷ್ಟು ಸಂಬಂಧಿಸಿದ್ದು? ಹೆದರಿಸುವ ಉದ್ದೇಶ ನನಗಿಲ್ಲ. ಆರಿಗನ್ ಅಥವಾ ಸೆಂಡಾಯ್‌ನಂಥ ಅಪಾಯ ನಮ್ಮ ದಂಡೆಗಿಲ್ಲ. ಆದರೆ ಅರಬ್ಬಿ ಸಮುದ್ರದ ಉತ್ತರದ ತುದಿಯಲ್ಲಿ ಮಕ್ರಾನ್ ಎಂಬ ಭೂಫಲಕದ ಅಂಚಿದೆ. 1945ರ ನವೆಂಬರ್ 28ರಂದು ಅಲ್ಲಿ 8.1 ತೀವ್ರತೆಯ ಭೂಕಂಪವಾಗಿ, ಪಾಸ್ನಿ, ಓರ್ಮಾರ ಊರುಗಳನ್ನು ಅಲೆ ಹೊಡೆಯಿತು. ಮುಂಬೈಯಲ್ಲೂ ಜನ ಸತ್ತರು. 2004ರಲ್ಲಿ ಸುಮಾತ್ರಾದ ಅಲೆ ಶ್ರೀಲಂಕಾವನ್ನು ಬಳಸಿ ಬಂದು ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡ್‌ನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಆಲಪ್ಪಾಡ್ ಹೇಗಿದೆ? ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಕಾಲುವೆ, ನಡುವೆ ತೆಂಗಿನ ಮರಗಳ ಕಿರಿದಾದ ಮರಳ ಪಟ್ಟಿ. ಬೆಂಗ್ರೆ ಎನ್ನುವ ನಮ್ಮ ಮರಳ ಪಟ್ಟಿಗಳೂ ಸಸಿಹಿತ್ಲುವೂ ಹೀಗೇ ಇವೆ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ 2007ರ ಅಕ್ಟೋಬರ್‌ನಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವಿದೆ. ಮಕ್ರಾನ್ ಮತ್ತು ಅಂಡಮಾನ್–ಸುಮಾತ್ರಾ ಎರಡೂ ಮೂಲಗಳಿಗೆ ಸಾವಿರಾರು ಕಲ್ಪಿತ ಭೂಕಂಪಗಳ ಅಲೆಗಳನ್ನು ಅಲ್ಲಿ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದಾರೆ. ಭೂಕಂಪವಾದ ಕೆಲವೇ ನಿಮಿಷಗಳಲ್ಲಿ ಯಾವ ದಂಡೆಗೆ ಎಷ್ಟು ಹೊತ್ತಿಗೆ ಎಷ್ಟು ಎತ್ತರದ ಅಲೆ ಎಂದು ಅವರು ಹೇಳಬಲ್ಲರು. ಕಡಲ ಕಡೆಯ ಕೆಲಸ ಒಳ್ಳೆಯದೇ ಇದೆ. ಅಲ್ಲಿಂದ ಮುಂದೆ, ಆ ಅಲೆ ಯಾವ ಓಣಿಯವರೆಗೆ ಬರುತ್ತದೆ ಎಂದು ಹೇಳಲು ನೆಲ ಬೇಕು. ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳಿಗೆ 2020ರಲ್ಲಿ ಯುನೆಸ್ಕೊದ ಸಾಗರ ಆಯೋಗ 'ಸುನಾಮಿಗೆ ಸಿದ್ಧ' ಎಂಬ ಮನ್ನಣೆ ಕೊಟ್ಟಿತು. ಹಿಂದೂ ಮಹಾಸಾಗರದ ಸುತ್ತಿನ ದೇಶಗಳಲ್ಲಿ ಅದನ್ನು ಮೊದಲು ಪಡೆದದ್ದು ಭಾರತ. ಆ ಮನ್ನಣೆಗೆ ಬೇಕಾದ ಅರ್ಹತೆಗಳಲ್ಲಿ ಊರಿನ ಸುನಾಮಿ ವಲಯದ ನಕ್ಷೆಯೂ ಒಂದು.

ಹಳ್ಳಿಹಳ್ಳಿಗೆ ಆ ನಕ್ಷೆ ಬರಬೇಕಾದರೆ ಎತ್ತರದ ದತ್ತಾಂಶ ಕೈಗೆ ಸಿಗಬೇಕು. ಭದ್ರತೆಯ ಕಾರಣಕ್ಕೆ ದಶಕಗಳ ಕಾಲ ಕರಾವಳಿಯ ನಿಖರ ನಕ್ಷೆಗಳು ನಮ್ಮಲ್ಲಿ ಬೀಗದೊಳಗಿದ್ದವು. ವಿದ್ಯಾರ್ಥಿಗಳೂ ಸಂಶೋಧಕರೂ ಸ್ವಂತ ಊರನ್ನು ಅಧ್ಯಯನ ಮಾಡಲು ಅಮೆರಿಕದ ಪುಕ್ಕಟೆ ದತ್ತಾಂಶವನ್ನೇ ಇಳಿಸಿಕೊಳ್ಳುತ್ತಿದ್ದರು. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಭಾರತೀಯ ಸಂಸ್ಥೆಗಳ ಮಟ್ಟಿಗೆ ಆ ಬೀಗ ತೆಗೆದಿದೆ. 2022ರ ಡಿಸೆಂಬರಿನ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ, 2030ರ ಹೊತ್ತಿಗೆ ದೇಶದ ಬಯಲು ಪ್ರದೇಶಕ್ಕೆಲ್ಲ 25 ಸೆಂಟಿಮೀಟರ್ ಮಟ್ಟದ ಎತ್ತರ ಮಾದರಿ ಆಗಬೇಕು ಎಂದು ಗುರಿ ಹಾಕಿಕೊಂಡಿದೆ. ಗುರಿ ದೊಡ್ಡದು, ಕಾಲ ಕಡಿಮೆ.

ನಮ್ಮ ಕರಾವಳಿಯಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಅಳಿವೆಗಳಿಂದ ಎಂದೇ. ಹೊಳೆಗಳೆಲ್ಲ ಕಡಲು ಸೇರುವ ಬಾಯಿಯನ್ನು ಪ್ರತಿ ಮಳೆಗಾಲವೂ ಮರಳು ತಿದ್ದಿ ಬರೆಯುತ್ತದೆ. ಶರಾವತಿ, ಗಂಗಾವಳಿ, ಅಘನಾಶಿನಿ, ಸೀತಾ–ಸ್ವರ್ಣಾ, ಶಾಂಭವಿ–ನಂದಿನಿ, ನೇತ್ರಾವತಿ–ಗುರುಪುರ ಹೊಳೆಗಳ ಬಾಯಿ, ಅವುಗಳ ಒಳಗಿನ ಹತ್ತು ಕಿಲೋಮೀಟರ್, ಪಕ್ಕದ ಬೆಂಗ್ರೆ ಮತ್ತು ಗಜನಿಗಳು. ಇಡೀ ಜಿಲ್ಲೆಯನ್ನು ಒಮ್ಮೆ ಅಳೆದು ಇಪ್ಪತ್ತು ವರ್ಷ ಸುಮ್ಮನಿರುವುದಕ್ಕಿಂತ ಇಷ್ಟನ್ನು ಐದು ವರ್ಷಕ್ಕೊಮ್ಮೆ ಅಳೆಯುವುದು ಮೇಲು. ವಿಮಾನ ಹಾರುವ ಕಾಲವನ್ನೂ ಆರಿಸಬೇಕು. ಮಳೆ ನಿಂತು ಹೊಳೆಯ ಕೆಂಪು ಇಳಿದು ನೀರು ತಿಳಿಯಾಗುವ ಡಿಸೆಂಬರ್–ಜನವರಿ ತಿಂಗಳು ಹಸಿರು ಲೇಸರ್‌ಗೆ ಅನುಕೂಲ. ಅದರಲ್ಲೂ ಅಮಾವಾಸ್ಯೆ, ಹುಣ್ಣಿಮೆಯ ಹಿಂದುಮುಂದಿನ ದಿನಗಳ ಇಳಿತದ ಹೊತ್ತು. ಬೇರೆ ದಿನ ನೀರಡಿಯಲ್ಲಿರುವ ಮರಳದಂಡೆಗಳು ಆಗ ಬಯಲಿಗೆ ಬಿದ್ದಿರುತ್ತವೆ. ಆ ಹೊತ್ತು ಯಾವುದೆಂದು ತಿಳಿಯಲು ಪಂಚಾಂಗವೂ ಆದೀತು, ಅಳಿವೆಯಲ್ಲಿ ಚಿಪ್ಪು ಹೆಕ್ಕುವವರನ್ನು ಕೇಳಿದರೂ ಆದೀತು. ಮುದ್ರಿಸುವಾಗ ನಕ್ಷೆಯ ಮೂಲೆಯಲ್ಲಿ ಮೂರು ವಿಷಯ ಕನ್ನಡದಲ್ಲೇ ಇರಲಿ: ನೆಲ ಅಳೆದ ತಿಂಗಳು ಮತ್ತು ವರ್ಷ, ಸೊನ್ನೆ ಯಾವುದು, ಎಷ್ಟು ದೊಡ್ಡ ಭೂಕಂಪವನ್ನು ಊಹಿಸಿ ಗೆರೆ ಎಳೆದದ್ದು.